ಉಣ್ಣುವುದಕ್ಕೆಂದೇ ಪೆನಾಂಗ್‌ಗೆ: ಮುಂಬಯಿಯ ಗೆಳೆಯರ ಬಳಗಕ್ಕೊಂದು ಕೈಪಿಡಿ

ಪರದೇಶಕ್ಕೆ ಹೊರಡುವ ಬಳಗಗಳು ಸಾಮಾನ್ಯವಾಗಿ ಮೊದಲು ವಿಮಾನದ ಟಿಕೆಟ್ ನೋಡುತ್ತವೆ, ಆಮೇಲೆ ಹೋಟೆಲು, ಆಮೇಲೆ ನೋಡಬೇಕಾದ ಜಾಗಗಳು. ಊಟದ ಮಾತು ಬರುವುದು ಎಲ್ಲ ಮುಗಿದ ಮೇಲೆ. ಉಣ್ಣುವುದಕ್ಕೆಂದೇ ಹೊರಡುವ ಪ್ರವಾಸದಲ್ಲಿ ಈ ಕ್ರಮವನ್ನು ಬುಡಮೇಲು ಮಾಡಬೇಕಾಗುತ್ತದೆ. ಇಂಥ ಪ್ರವಾಸದಲ್ಲಿ ದುಡ್ಡಿಗಿಂತ, ರಜೆಗಿಂತ ಬೇಗ ತೀರಿಹೋಗುವುದು ಹಸಿವು. ಎಷ್ಟು ಜನ ಹೋಗಬೇಕು, ಎಲ್ಲಿ ತಂಗಬೇಕು, ಯಾವ ಹೊತ್ತಿಗೆ ಯಾವ ಬೀದಿಯಲ್ಲಿರಬೇಕು, ಹಣ ಯಾರ ಕೈಯಲ್ಲಿರಬೇಕು ಎಂಬ ನಿರ್ಧಾರಗಳೆಲ್ಲ ಆ ಹಸಿವನ್ನು ಉಳಿಸಿಕೊಳ್ಳುವ ದೃಷ್ಟಿಯಿಂದಲೇ ಆಗಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಮುಂಬಯಿಯ ಕನ್ನಡಿಗರ ಬಳಗವೆಂದರೆ ಒಂದೇ ಊಟದವರ ಬಳಗವಲ್ಲ. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿಯೋ ಲೋಕಲ್ ಟ್ರೇನಿನ ಒಂದೇ ಡಬ್ಬಿಯಲ್ಲಿಯೋ ಗೆಳೆತನ ಬೆಳೆದ ಆರು ಜನರಲ್ಲಿ ಇಬ್ಬರು ಬಂಗುಡೆ ಪುಳಿಮುಂಚಿಯಿಲ್ಲದೆ ವಾರ ಕಳೆಯದವರಾದರೆ, ಒಬ್ಬರು ಈರುಳ್ಳಿ, ಬೆಳ್ಳುಳ್ಳಿ ಮುಟ್ಟದ ಮಾಧ್ವ ಮನೆತನದವರು, ಇನ್ನೊಬ್ಬರು ಮೊಟ್ಟೆಯವರೆಗೆ ಮಾತ್ರ ಬರುವವರು, ಉಳಿದಿಬ್ಬರು ಏನು ಕೊಟ್ಟರೂ ತಿನ್ನುವವರು. ಇಂಥ ಬಳಗ ಒಂದೇ ಮೇಜಿನ ಸುತ್ತ ಕುಳಿತು, ಯಾರೂ ಹಸಿದುಕೊಂಡೇ ಏಳದಂತೆ ಐದಾರು ದಿನ ಕಳೆಯಬೇಕಾದರೆ ಮಲೇಷ್ಯಾದ ಪೆನಾಂಗ್ ದ್ವೀಪಕ್ಕಿಂತ ಒಳ್ಳೆಯ ಊರು ನನಗೆ ತೋಚುವುದಿಲ್ಲ. ಚೀನೀಯರು, ಮಲಯರು, ತಮಿಳರು, ಚೀನೀ ಮತ್ತು ಮಲಯ ಅಡುಗೆಗಳನ್ನು ಬೆಸೆದ ನ್ಯೋನ್ಯ ಮನೆತನಗಳವರು ಒಂದೇ ಊರಿನಲ್ಲಿ ತಲೆಮಾರುಗಳಿಂದ ಅಡುಗೆ ಮಾಡುತ್ತ ಬಂದಿದ್ದಾರೆ. ದ್ವೀಪದ ಮುಖ್ಯ ಪಟ್ಟಣವಾದ ಜಾರ್ಜ್ ಟೌನ್ 2008ರಲ್ಲಿ ಮಲಾಕಾದ ಜೊತೆಗೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದರ ಹಳೆಯ ಬೀದಿಗಳನ್ನು ಕಾಲ್ನಡಿಗೆಯಲ್ಲೇ ಸುತ್ತಬಹುದು. ತಿನ್ನಲು ಹೋದವರಿಗೆ ಇದು ಬಹು ದೊಡ್ಡ ಅನುಕೂಲ, ಏಕೆಂದರೆ ನಡೆದರೆ ಮತ್ತೆ ಹಸಿವಾಗುತ್ತದೆ.

ಬಳಗದ ಲೆಕ್ಕ

ಆರು ಜನ ಸರಿಯಾದ ಸಂಖ್ಯೆ. ಅಲ್ಲಿನ ದುಂಡು ಮೇಜುಗಳ ಸುತ್ತ ಆರು ಜನ ಇಕ್ಕಟ್ಟಿಲ್ಲದೆ ಕೂರಬಹುದು, ಮೊಬೈಲಿನಲ್ಲಿ ಗ್ರ್ಯಾಬ್ ಮೂಲಕ ಆರು ಆಸನದ ವಾಹನ ಸಿಗುತ್ತದೆ, ಮತ್ತು ಒಂದು ತಟ್ಟೆಯನ್ನು ಹಂಚಿಕೊಂಡಾಗ ಪ್ರತಿಯೊಬ್ಬರಿಗೂ ರುಚಿ ತಿಳಿಯುವಷ್ಟು ತುತ್ತು ಬರುತ್ತದೆ. ಎಂಟು ಜನರಾದ ಕೂಡಲೇ ಬಳಗ ಎರಡು ಮೇಜುಗಳಾಗಿ ಒಡೆಯುತ್ತದೆ. ಮೂವರೇ ಆದರೆ ಎರಡು ಅಂಗಡಿಗಳಲ್ಲಿ ಹೊಟ್ಟೆ ತುಂಬಿಹೋಗುತ್ತದೆ.

ಸಂಖ್ಯೆಗಿಂತಲೂ ಮುಖ್ಯವಾದ ಮಾತೊಂದಿದೆ. ಮಾಂಸಾಹಾರಿಗಳ ನಡುವೆ ಒಬ್ಬರೇ ಸಸ್ಯಾಹಾರಿಯನ್ನು ಕರೆದೊಯ್ಯಬಾರದು. ಒಬ್ಬರೇ ಇದ್ದರೆ ಅವರು ಎಲ್ಲರಿಗೂ ತೊಂದರೆಯಾಗುತ್ತದೆಂದು ಸಂಕೋಚಪಟ್ಟು ಬಾಳೆಹಣ್ಣು, ಬಿಸ್ಕತ್ತಿನಲ್ಲಿ ದಿನ ದೂಡುತ್ತಾರೆ. ಇಬ್ಬರಿದ್ದರೆ ಅವರಿಗೂ ಒಂದು ಹಾದಿ ಇರುತ್ತದೆ, ತಟ್ಟೆ ಹಂಚಿಕೊಳ್ಳಲು ಜೊತೆಯೂ ಇರುತ್ತದೆ. ಯಾರು ಏನು ತಿನ್ನುತ್ತಾರೆ, ಏನು ತಿನ್ನುವುದಿಲ್ಲ, ಪಕ್ಕದವರು ಏನು ತಿಂದರೆ ಒಂದೇ ಮೇಜಿನಲ್ಲಿ ಕೂರಲಾಗುವುದಿಲ್ಲ ಎಂಬುದನ್ನು ಟಿಕೆಟ್ ತೆಗೆಯುವ ಮೊದಲೇ ಮುಚ್ಚುಮರೆಯಿಲ್ಲದೆ ಮಾತಾಡಿಕೊಳ್ಳಬೇಕು. ಪೆನಾಂಗ್‌ನ ಚೀನೀ ಅಡುಗೆಯಲ್ಲಿ ಹಂದಿಮಾಂಸ ಮತ್ತು ಹಂದಿಯ ಕೊಬ್ಬು ಧಾರಾಳವಾಗಿ ಬಳಕೆಯಾಗುತ್ತವೆ, ಮಲಯರ ಅಂಗಡಿಗಳಲ್ಲಿ ದನದ ಮಾಂಸ ಸಾಮಾನ್ಯ. ಊರಿಗೆ ಹೋದ ಮೇಲೆ ಮೇಜಿನ ಮುಂದೆ ಈ ಚರ್ಚೆ ಆರಂಭವಾದರೆ ಊಟವೂ ಕೆಡುತ್ತದೆ, ಗೆಳೆತನಕ್ಕೂ ಪೆಟ್ಟಾಗುತ್ತದೆ.

ಹೊರಡುವ ಮುಂಚೆ ಮುಂಬಯಿಯಲ್ಲೇ ಒಂದು ಭಾನುವಾರ ತಾಲೀಮು ಮಾಡುವುದು ಒಳ್ಳೆಯದು. ಬೆಳಗ್ಗೆ ಮಾಟುಂಗಾದ ಕಿಂಗ್ಸ್ ಸರ್ಕಲ್ ಸುತ್ತ ಇಡ್ಲಿ, ಫಿಲ್ಟರ್ ಕಾಫಿ. ಮಧ್ಯಾಹ್ನ ಫೋರ್ಟ್‌ನ ಯಾವುದಾದರೊಂದು ಮಂಗಳೂರು ಮೀನೂಟದ ಹೋಟೆಲು. ಸಂಜೆ ಘಾಟ್ಕೋಪರ್‌ನ ಖಾವು ಗಲ್ಲಿ. ಎಲ್ಲ ಕಡೆಯೂ ತಟ್ಟೆ ಹಂಚಿಕೊಂಡೇ ತಿನ್ನಬೇಕು. ಮಾಟುಂಗಾ ಸ್ಟೇಷನ್ ಬಳಿ 1942ರಲ್ಲಿ ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನ ಬಾಳೆಎಲೆ ಊಟ ಎಷ್ಟು ಸೆಳೆದರೂ ಆ ದಿನ ಅಲ್ಲಿ ಕೂರಬಾರದು. ಅಲ್ಲಿ ಪಂಕ್ತಿಯೂಟ ಮುಗಿಸಿ ಎದ್ದವರಿಗೆ ರಾತ್ರಿಯವರೆಗೂ ಬೇರೇನೂ ಬೇಡವಾಗುತ್ತದೆ. ಯಾರಿಗೆ ಬೇಗ ಹೊಟ್ಟೆ ತುಂಬುತ್ತದೆ, ಯಾರಿಗೆ ಸಾಲಿನಲ್ಲಿ ನಿಲ್ಲುವ ತಾಳ್ಮೆಯಿಲ್ಲ, ಯಾರು ಎಂಜಲಿನ ವಿಚಾರದಲ್ಲಿ ಕಟ್ಟುನಿಟ್ಟು ಎಂಬುದೆಲ್ಲ ಒಂದೇ ದಿನದಲ್ಲಿ ತಿಳಿಯುತ್ತದೆ. ಎಂಜಲಿಗೆ ಪರಿಹಾರ ಸುಲಭ: ತಟ್ಟೆ ಮೇಜಿಗೆ ಬಂದ ತಕ್ಷಣ, ಯಾರೂ ಬಾಯಿ ಹಾಕುವ ಮೊದಲು, ಎಲ್ಲರ ಬಟ್ಟಲುಗಳಿಗೂ ಬಡಿಸಿಬಿಡುವುದು. ಹಗುರವಾದ ಆರು ಸ್ಟೀಲ್ ಬಟ್ಟಲು, ಆರು ಚಮಚಗಳನ್ನು ಮನೆಯಿಂದಲೇ ಒಯ್ದರೆ ಯಾರನ್ನೂ ಕೇಳಬೇಕಾಗಿಲ್ಲ.

ಕಾಗದಪತ್ರ, ಕಾಲ, ದಾರಿ

ಕಾಗದಪತ್ರದ ಕೆಲಸ ಹೆಚ್ಚಿಲ್ಲ. ಭಾರತೀಯ ಪ್ರವಾಸಿಗರಿಗೆ ಮಲೇಷ್ಯಾ 2023ರ ಡಿಸೆಂಬರ್ 1ರಿಂದ 30 ದಿನಗಳವರೆಗಿನ ವಾಸ್ತವ್ಯಕ್ಕೆ ವೀಸಾ ವಿನಾಯಿತಿ ಕೊಟ್ಟಿದ್ದು, ಆಮೇಲೆ ಅದನ್ನು ವಿಸ್ತರಿಸಿದೆ. ಟಿಕೆಟ್ ತೆಗೆಯುವ ದಿನ ಆ ವಿನಾಯಿತಿ ಜಾರಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ತಲುಪುವ ಮೊದಲಿನ ಮೂರು ದಿನಗಳೊಳಗೆ ಡಿಜಿಟಲ್ ಆಗಮನ ಕಾರ್ಡನ್ನು ಮಲೇಷ್ಯಾ ವಲಸೆ ಇಲಾಖೆಯ ಜಾಲತಾಣದಲ್ಲೇ ತುಂಬಬೇಕು. ಅದು ಉಚಿತ, ಅದಕ್ಕೆ ಹಣ ಕೇಳುವ ಬೇರೆ ತಾಣಗಳ ಗೊಡವೆಗೆ ಹೋಗಬಾರದು. ಸಿಂಗಪುರದ ಮೂಲಕ ಹೋಗುವವರು ಗಸಗಸೆ ಹಾಕಿದ ಮಸಾಲೆಪುಡಿಯನ್ನಾಗಲಿ, ಗಸಗಸೆಯ ಪೊಟ್ಟಣವನ್ನಾಗಲಿ ಚೀಲದಲ್ಲಿಡಬಾರದು, ಅದು ಅಲ್ಲಿ ನಿಷಿದ್ಧ ವಸ್ತು.

ಕಾಲದ ಆಯ್ಕೆಯನ್ನು ಮಾತ್ರ ಹೊಟ್ಟೆಯನ್ನು ಕೇಳಿಯೇ ಮಾಡಬೇಕು. ಹಲಸಿನಂತೆ ಮುಳ್ಳುಮುಳ್ಳಾದ, ಗಾಢ ವಾಸನೆಯ ಡೂರಿಯನ್ ಹಣ್ಣಿಗಾಗಿ ಹೋಗುವವರಿಗೆ ಮೇ ಕೊನೆಯಿಂದ ಜುಲೈವರೆಗಿನ ಕಾಲ ಸರಿ. ದ್ವೀಪದ ಇನ್ನೊಂದು ಬದಿಯ ಬಾಲಿಕ್ ಪುಲಾವ್ ತೋಟಗಳಲ್ಲಿ ಆಗ ಹಣ್ಣು ಬೀಳುತ್ತಿರುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಮಳೆ ಹೆಚ್ಚು, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಡಿಮೆ. ಆದರೆ ಚೀನೀ ಹೊಸ ವರ್ಷದ ದಿನಗಳಲ್ಲಿ ಹೆಸರುವಾಸಿ ಅಂಗಡಿಗಳಲ್ಲಿ ಬಹಳಷ್ಟು ಬಾಗಿಲು ಹಾಕಿರುತ್ತವೆ. ರಂಜಾನ್ ತಿಂಗಳಲ್ಲಿ ಮುಸ್ಲಿಮರ ಅಂಗಡಿಗಳು ಹಗಲಿನಲ್ಲಿ ಮುಚ್ಚಿದ್ದರೂ ಮಧ್ಯಾಹ್ನದ ಮೇಲೆ ತೆರೆಯುವ ರಂಜಾನ್ ಬಜಾರುಗಳು ಬೇರೆಯೇ ಸೊಗಸು. ಮೊಹಮ್ಮದ್ ಅಲಿ ರಸ್ತೆಯ ರಂಜಾನ್ ರಾತ್ರಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸಸ್ಯಾಹಾರಿಗಳು ಹೆಚ್ಚಿರುವ ಬಳಗಕ್ಕೆ ನಾನು ಒತ್ತಿ ಹೇಳುವುದು ಒಂಬತ್ತು ಚಕ್ರವರ್ತಿ ದೇವತೆಗಳ ಹಬ್ಬವನ್ನು. ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ ನಡೆಯುವ ಈ ವ್ರತ ಹಲವು ವರ್ಷಗಳಲ್ಲಿ ನಮ್ಮ ನವರಾತ್ರಿಯ ಜೊತೆಜೊತೆಗೇ ಬರುತ್ತದೆ. 2024ರಲ್ಲಿ ಎರಡೂ ಅಕ್ಟೋಬರ್ 3ರಂದೇ ಆರಂಭವಾದವು. ಆ ದಿನಗಳಲ್ಲಿ ಪೆನಾಂಗ್‌ನ ಚೀನೀಯರಲ್ಲಿ ಅನೇಕರು ಮಾಂಸ ಬಿಡುತ್ತಾರೆ, ಹಳದಿ ಬಾವುಟ ಕಟ್ಟಿದ ಸಸ್ಯಾಹಾರದ ಅಂಗಡಿಗಳು ಬೀದಿಗಳಲ್ಲಿ ಏಳುತ್ತವೆ, ಬೇರೆ ದಿನಗಳಲ್ಲಿ ಮುಟ್ಟಲಾಗದ ಊರಿನ ಪ್ರಸಿದ್ಧ ತಿನಿಸುಗಳ ಸಸ್ಯಾಹಾರಿ ರೂಪಗಳು ಅಲ್ಲಿ ಸಿಗುತ್ತವೆ. ಮಳೆಯಲ್ಲಿ ಸ್ವಲ್ಪ ನೆನೆದರೂ ನಷ್ಟವಿಲ್ಲ.

ಮುಂಬಯಿಯಿಂದ ಕ್ವಾಲಾಲಂಪುರಕ್ಕೆ ನೇರ ವಿಮಾನದಲ್ಲಿ ಸುಮಾರು ಐದು ಗಂಟೆ. ಅಲ್ಲಿಂದ ಪೆನಾಂಗ್‌ಗೆ ಒಂದು ಗಂಟೆಯ ಇನ್ನೊಂದು ವಿಮಾನವಿದೆ. ಬಿಡುವಿದ್ದವರು ರೈಲಿನಲ್ಲಿ ಬಟರ್‌ವರ್ತ್‌ವರೆಗೆ ಹೋಗಿ, ನಿಲ್ದಾಣದ ಬಳಿಯಿಂದಲೇ ಫೆರ್ರಿ ಹತ್ತಿ ಜಾರ್ಜ್ ಟೌನ್ ತಲುಪುವುದು ಹೆಚ್ಚು ಸುಖ. ತಂಗುವ ಜಾಗ ಸಮುದ್ರದಂಡೆಯ ರೆಸಾರ್ಟ್ ಆಗಿರಬಾರದು. ಚೂಲಿಯಾ ಬೀದಿ, ಕಿಂಬರ್ಲಿ ಬೀದಿಗಳಿಂದ ನಡೆದುಹೋಗುವಷ್ಟು ದೂರದಲ್ಲಿ ಹಳೆಯ ಮನೆಗಳನ್ನು ಹೋಟೆಲುಗಳಾಗಿ ಮಾಡಿದ್ದಾರೆ, ಅಲ್ಲಿರಬೇಕು. ಬೆಳಗಿನ ತಿಂಡಿ ಸೇರಿದ ದರವನ್ನು ಯಾವ ಕಾರಣಕ್ಕೂ ಆರಿಸಬಾರದು. ಪುಕ್ಕಟೆಯೆಂದು ಹೋಟೆಲಿನಲ್ಲಿ ಟೋಸ್ಟು, ಆಮ್ಲೆಟ್ ತಿಂದವರ ಬೆಳಗಿನ ಹಸಿವು ಅಲ್ಲಿಗೇ ವ್ಯರ್ಥ.

ಹಸಿವಿನ ವೇಳಾಪಟ್ಟಿ

ಪೆನಾಂಗ್‌ನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಅಲ್ಲಿ ಬೆಳಗ್ಗೆ ಎಂಟಾದಾಗ ಮುಂಬಯಿಯಿಂದ ಬಂದ ಹೊಟ್ಟೆಗೆ ಇನ್ನೂ ಐದೂವರೆ. ಆದ್ದರಿಂದ ಮೊದಲ ದಿನ ಒಂಬತ್ತೂವರೆಗೆ ಮುಂಚೆ ತಿನ್ನಲು ಕೂರಬಾರದು. ಎರಡನೆಯ ದಿನದಿಂದ ದಿನಕ್ಕೆ ಎರಡು ದೊಡ್ಡ ಸುತ್ತು, ನಡುವೆ ಒಂದು ಸಣ್ಣ ಸುತ್ತು ಸಾಕು. ಬೆಳಗಿನದು ಎಂಟೂವರೆಯಿಂದ ಹತ್ತರವರೆಗೆ, ಸಂಜೆಯದು ಏಳರ ನಂತರ. ನಡುಮಧ್ಯಾಹ್ನದ ಉರಿಬಿಸಿಲಿನಲ್ಲಿ ಚೆಂಡೋಲ್‌ನಂಥ ತಂಪು ಏನಾದರೂ.

ಅಲ್ಲಿನ ಅಡುಗೆಯವರಲ್ಲಿ ಹೆಚ್ಚಿನವರು ಒಂದೇ ತಿನಿಸನ್ನು ಮಾಡುತ್ತಾರೆ, ಅದನ್ನು ದಿನದ ಒಂದು ಹೊತ್ತಿನಲ್ಲಿ ಮಾತ್ರ ಮಾರುತ್ತಾರೆ. ಬೆಳಗಿನವರ ಸರಕು ಹನ್ನೊಂದರ ಹೊತ್ತಿಗೆ ಖಾಲಿ. ಚೂಲಿಯಾ ಬೀದಿ, ಲೊರೊಂಗ್ ಬಾರು, ಗರ್ನಿ ಡ್ರೈವ್‌ಗಳ ಗಾಡಿಗಳು ಜೀವ ತಳೆಯುವುದು ಸಂಜೆಯ ಮೇಲೆ. ವಾರದ ರಜೆಯೂ ಒಬ್ಬೊಬ್ಬರದು ಒಂದೊಂದು ದಿನ. ಆದ್ದರಿಂದ ಬಳಗದ ಒಬ್ಬರು ನೋಟ್‌ಬುಕ್ಕಿನಲ್ಲಿ ತಿನಿಸು, ಬೀದಿ, ತೆರೆದಿರುವ ಹೊತ್ತು, ರಜೆಯ ದಿನ, ಮುಚ್ಚಿದ್ದರೆ ಅದೇ ಬೀದಿಯಲ್ಲಿ ಬದಲಿಗೇನು ಎಂದು ಬರೆದಿಟ್ಟುಕೊಳ್ಳಬೇಕು. ಊಟದ ಜಾಗಗಳನ್ನು ಅಳೆದು ಪಟ್ಟಿಮಾಡುವ ಮಿಶೆಲಿನ್ ಗೈಡ್ 2022ರ ಡಿಸೆಂಬರ್‌ನಲ್ಲಿ ಪೆನಾಂಗ್‌ನ ಮೊದಲ ಪಟ್ಟಿ ಹೊರತಂದ ಮೇಲೆ ಅದರಲ್ಲಿ ಹೆಸರು ಬಂದ ಕೆಲವು ಗಾಡಿಗಳ ಮುಂದೆ ಸಾಲು ಉದ್ದವಾಗಿರುತ್ತದೆ. ಒಂದು ತಟ್ಟೆಗಾಗಿ ಅರ್ಧ ಗಂಟೆಗಿಂತ ಹೆಚ್ಚು ಕಾಯುವುದು ಬೇಡ; ಪಕ್ಕದ ಗಾಡಿಯಲ್ಲಿ ಊರಿನ ಜನ ನಿಂತಿದ್ದರೆ ಅಲ್ಲಿಗೇ ಹೋಗಬೇಕು.

ಎರಡು ಸುತ್ತುಗಳ ನಡುವಿನ ಹೊತ್ತನ್ನು ನಡಿಗೆಗೆ ಮೀಸಲಿಡಬೇಕು. ಸಮುದ್ರದ ಮೇಲೆ ಕಂಬಗಳ ಆಸರೆಯಲ್ಲಿ ನಿಂತ ಚೀನೀ ಕುಲಗಳ ಜೆಟ್ಟಿ ಮನೆಗಳು, ಕ್ವೀನ್ ಬೀದಿಯ ಮಹಾಮಾರಿಯಮ್ಮನ ಗುಡಿ, ಜಾಯಿಕಾಯಿಯ ಉಪ್ಪಿನಕಾಯಿ ಮಾರುವ ಚೌರಸ್ತಾ ಮಾರುಕಟ್ಟೆ ಎಲ್ಲವೂ ಪಟ್ಟಣದೊಳಗೇ ಇವೆ. ಕೆಕ್ ಲೊಕ್ ಸಿ ಬೌದ್ಧ ದೇವಾಲಯದ ಮೆಟ್ಟಿಲು ಹತ್ತಿ ಇಳಿದು, ಕೆಳಗಿನ ಏರ್ ಇತಾಮ್ ಪೇಟೆಯಲ್ಲಿ ಹುಳಿ ಮೀನುಸಾರಿನ ಶ್ಯಾವಿಗೆಯಾದ ಅಸಾಮ್ ಲಕ್ಸಾ ತಿನ್ನುವ ಅರ್ಧ ದಿನವನ್ನಂತೂ ಪಟ್ಟಿಯಿಂದ ಬಿಡಬಾರದು.

ಮೇಜಿನ ಮುಂದೆ

ಕೋಪಿಟಿಯಾಮ್ ಎಂಬ ಕಾಫಿ ಅಂಗಡಿಯ ವ್ಯವಸ್ಥೆಯನ್ನು ಮೊದಲೇ ತಿಳಿದುಕೊಂಡಿದ್ದರೆ ಗಲಿಬಿಲಿಯಾಗುವುದಿಲ್ಲ. ಅಂಗಡಿಯ ಯಜಮಾನ ಮಾರುವುದು ಪಾನೀಯಗಳನ್ನು ಮಾತ್ರ. ಅವನ ಜಾಗದಲ್ಲಿ ಗಾಡಿಯಿಟ್ಟುಕೊಂಡ ಬೇರೆಬೇರೆಯವರು ತಿನಿಸು ಮಾರುತ್ತಾರೆ. ಮೊದಲು ಮೇಜು ಹಿಡಿಯಬೇಕು, ಮೇಜಿನ ಸಂಖ್ಯೆ ನೋಡಿಕೊಳ್ಳಬೇಕು, ಗಾಡಿಗಳ ಬಳಿ ಹೋಗಿ ತಿನಿಸು ಹೇಳಿ ಸಂಖ್ಯೆ ತಿಳಿಸಬೇಕು. ತಟ್ಟೆ ಮೇಜಿಗೆ ಬಂದಾಗ ಆಗಿಂದಾಗಲೇ ಹಣ ಕೊಡಬೇಕು. ತಲೆಗೊಂದು ಪಾನೀಯ ತೆಗೆದುಕೊಳ್ಳುವುದು ರೂಢಿ, ತೆಗೆದುಕೊಳ್ಳದಿದ್ದರೆ ಕೆಲವು ಕಡೆ ಸಣ್ಣ ಶುಲ್ಕ ಹಾಕುತ್ತಾರೆ. ಹೊರಗಿನ ತಿಂಡಿಯನ್ನು ಅಲ್ಲಿ ಬಿಚ್ಚಬಾರದು. ಸುಮ್ಮನೆ ಕೋಪಿ ಎಂದರೆ ಗಟ್ಟಿ ಸಿಹಿಹಾಲು ಬೆರೆಸಿದ ಕಾಫಿ ಬರುತ್ತದೆ. ಹಾಲು, ಸಕ್ಕರೆ ಎರಡೂ ಬೇಡದವರು ಕೋಪಿ ಓ ಕೊಸೊಂಗ್ ಎನ್ನಬೇಕು. ಗಾಡಿಯವರನ್ನು ಅಂಕಲ್, ಆಂಟಿ ಎಂದು, ತಮಿಳರ ಅಂಗಡಿಗಳಲ್ಲಿ ಅಣ್ಣೆ ಎಂದು ಕರೆಯುವುದು ಅಲ್ಲಿನ ವಾಡಿಕೆ. ಇಂಗ್ಲಿಷ್ ಬಹುಮಟ್ಟಿಗೆ ನಡೆಯುತ್ತದೆ, ಮಾಟುಂಗಾ, ಧಾರಾವಿಗಳಲ್ಲಿ ಕಲಿತ ಅಲ್ಪಸ್ವಲ್ಪ ತಮಿಳೂ ಕೆಲಸಕ್ಕೆ ಬರುತ್ತದೆ.

ಆರು ಜನರಿಗೆ ಮೊದಲ ಸಲ ನಾಲ್ಕೇ ತಟ್ಟೆ ಹೇಳಬೇಕು, ನಾಲ್ಕೂ ಬೇರೆಬೇರೆ ಗಾಡಿಗಳಿಂದ. ಚಾರ್ ಕ್ವೇ ಟಿಯಾವ್‌ನಂಥದ್ದನ್ನು ಒಂದೇ ಸಲಕ್ಕೆ ಮೂರು ತಟ್ಟೆ ಹೇಳುವುದು ಸರಿಯಲ್ಲ. ಅದನ್ನು ಮಾಡುವವರನ್ನು ಹತ್ತಿರ ನಿಂತು ನೋಡಿದರೆ ಕಾರಣ ತಿಳಿಯುತ್ತದೆ: ಹೊಗೆಯಾಡುವ ಬಾಣಲೆಗೆ ಹಂದಿಯ ಕೊಬ್ಬು ಮತ್ತು ಬೆಳ್ಳುಳ್ಳಿ, ಮೇಲೆ ಅಗಲವಾದ ಅಕ್ಕಿಯ ನೂಡಲ್ಸ್, ಸೋಯಾ ಸಾಸ್, ನೂಡಲ್ಸನ್ನು ಬದಿಗೆ ಸರಿಸಿ ಆ ಜಾಗದಲ್ಲಿ ಮೊಟ್ಟೆ ಒಡೆದು, ಸಿಗಡಿ, ಮೊಳಕೆಕಾಳು, ಕೊನೆಗೆ ನಮ್ಮ ಮರುವಾಯಿಯನ್ನು ನೆನಪಿಸುವ ಚಿಪ್ಪುಮೀನು. ಎಲ್ಲ ಮುಗಿಯುವುದು ಎರಡು ಮೂರು ನಿಮಿಷದಲ್ಲಿ. ಒಂದು ತಟ್ಟೆಯಷ್ಟೇ ಬಾಣಲೆಯಲ್ಲಿದ್ದಾಗ ನೂಡಲ್ಸಿನ ಅಂಚು ಕಂದಾಗಿ ಹೊಗೆಯ ವಾಸನೆ ಹಿಡಿಯುತ್ತದೆ. ಮೂರು ತಟ್ಟೆಯದನ್ನು ಒಟ್ಟಿಗೆ ಸುರಿದರೆ ಶಾಖ ಇಳಿದು ಅದು ಬರಿದೇ ಬೇಯುತ್ತದೆ. ಒಂದನ್ನು ತಿಂದು ಮುಗಿಸಿ, ಬೇಕೆನಿಸಿದರೆ ಇನ್ನೊಂದನ್ನು ಹೇಳುವುದೇ ಸರಿ.

ಕರಾವಳಿಯವರಿಗೆ ಅಸಾಮ್ ಲಕ್ಸಾ ಮೊದಲ ಚಮಚಕ್ಕೇ ತಮ್ಮದೆನಿಸುತ್ತದೆ. ಅದರ ಸಾರಿಗೆ ಬೀಳುವುದು ನಮ್ಮ ಬಂಗುಡೆಯ ಕುಲದ ಮೀನು. ಬೇಯಿಸಿ, ಮುಳ್ಳು ತೆಗೆದು, ಪುಡಿಯಾಗಿ ಬೆರೆಸಿರುತ್ತಾರೆ. ಹುಳಿಗೆ ಹುಣಸೆಯ ಜೊತೆ ಒಣಗಿಸಿದ ಹಣ್ಣಿನ ಹೋಳುಗಳನ್ನು ಹಾಕುತ್ತಾರೆ, ಆ ಹಣ್ಣು ನಮ್ಮ ಪುನರ್ಪುಳಿ, ಉಪ್ಪಾಗೆಗಳ ಹತ್ತಿರದ ಸಂಬಂಧಿ. ದಪ್ಪನೆಯ ಅಕ್ಕಿ ಶ್ಯಾವಿಗೆಯ ಮೇಲೆ ಆ ಬಿಸಿ ಸಾರು, ಮೇಲೆ ಹೆಚ್ಚಿದ ಅನಾನಸು, ಸೌತೆ, ಈರುಳ್ಳಿ, ಪುದೀನ, ಶುಂಠಿಯ ಜಾತಿಯ ಗಿಡವೊಂದರ ನಸುಗೆಂಪು ಮೊಗ್ಗು. ಚಮಚದಲ್ಲಿ ಬೇರೆಯಾಗಿ ಕೊಡುವ ಕಪ್ಪು ಗಟ್ಟಿ ಸಿಗಡಿ ಪಾಕವನ್ನು ಪೂರ್ತಿ ಒಮ್ಮೆಲೇ ಕಲಸಬಾರದು. ಮೊದಲು ಸಾರನ್ನು ಹಾಗೆಯೇ ಸವಿದು, ಆಮೇಲೆ ಸ್ವಲ್ಪಸ್ವಲ್ಪವೇ ಬೆರೆಸಬೇಕು.

ಸಸ್ಯಾಹಾರಿಗಳ ದಾರಿ

ಇಲ್ಲಿ ಮೋಸಮಾಡುವುದು ಕಣ್ಣಿಗೆ ಕಾಣುವ ಮಾಂಸವಲ್ಲ, ಕಾಣದೆ ಸೇರಿರುವ ಬೆಲಾಚಾನ್. ಸಿಗಡಿಯನ್ನು ಹುದುಗಿಸಿ ಮಾಡಿದ ಈ ಮುದ್ದೆ ಚಟ್ನಿಗೂ ಬರುತ್ತದೆ, ಸೊಪ್ಪಿನ ಪಲ್ಯಕ್ಕೂ ಬರುತ್ತದೆ. ಹಣ್ಣಿನ ಹೋಳುಗಳ ರೊಜಾಕ್‌ನ ಪಾಕದಲ್ಲಿಯೂ ಸಿಗಡಿಯಿರುತ್ತದೆ. ಮಾಂಸ ಹಾಕಬೇಡಿ ಎಂದಷ್ಟೇ ಹೇಳಿದರೆ ಸಾಲದು. ಮೀನು, ಸಿಗಡಿ, ಬೆಲಾಚಾನ್, ಕೊಬ್ಬು, ಮೊಟ್ಟೆ ಎಂದು ಒಂದೊಂದನ್ನೂ ಹೆಸರಿಸಿ ಕೇಳಬೇಕು. ಮೀನಿಗೆ ಇಕಾನ್, ಸಿಗಡಿಗೆ ಉಡಾಂಗ್, ಮೊಟ್ಟೆಗೆ ತೆಲುರ್, ಹಂದಿಗೆ ಬಾಬಿ, ದನಕ್ಕೆ ಲೆಂಬು ಎನ್ನುತ್ತಾರೆ. ಬೇಡ ಎನ್ನಲು ಆ ಪದಕ್ಕೆ ಮೊದಲು ತಾ ಮಾವು ಸೇರಿಸಿದರೆ ಸಾಕು. ತಮಿಳು ಮುಸ್ಲಿಮರ ಅಂಗಡಿಗಳ ಪರೋಟದಂಥ ರೊಟಿ ಚನಾಯ್ ಬೆಳಗಿನ ಹೊತ್ತಿಗೆ ಒಳ್ಳೆಯ ಆಸರೆ, ಆದರೆ ಬೇಳೆಸಾರಿನ ಮೇಲೆ ರುಚಿಗೆಂದು ಮೀನಿನ ಸಾರನ್ನೂ ಒಂದು ಸೌಟು ಹುಯ್ಯುವ ಅಭ್ಯಾಸವಿದೆ. ಬೇಳೆ ಮಾತ್ರ ಎಂದು ಮೊದಲೇ ಹೇಳಬೇಕು.

ಈರುಳ್ಳಿ, ಬೆಳ್ಳುಳ್ಳಿ ಬಿಟ್ಟವರಿಗೆ ಚೀನೀ ಬೌದ್ಧ ಸಸ್ಯಾಹಾರಿ ಊಟದ ಮನೆಗಳು ವರದಾನ. ಆ ಸಂಪ್ರದಾಯದಲ್ಲಿ ಈರುಳ್ಳಿ, ಬೆಳ್ಳುಳ್ಳಿಗಳೂ ವರ್ಜ್ಯ. ಸೋಯಾ, ಗೋಧಿಯ ಅಂಟುಗಳಿಂದ ಮಾಡಿದ ಪದಾರ್ಥಗಳು ಮಾಂಸದಂತೆಯೇ ಕಾಣುತ್ತವೆ, ಅದನ್ನು ನೋಡಿ ಕೈ ಹಿಂದೆಗೆಯುವವರು ತೋಫು, ಅಣಬೆ, ಸೊಪ್ಪುಗಳನ್ನು ಆರಿಸಿಕೊಳ್ಳಬಹುದು. ಚಾಂದ್ರಮಾನದ 1 ಮತ್ತು 15ನೆಯ ದಿನಗಳಲ್ಲಿ, ಅಂದರೆ ನಮ್ಮ ಪಾಡ್ಯ, ಹುಣ್ಣಿಮೆಗಳ ಸುಮಾರಿಗೆ, ಅನೇಕ ಚೀನೀಯರು ಮಾಂಸ ಬಿಡುವುದರಿಂದ ಅಲ್ಲಿ ಜಾಗ ಸಿಗುವುದು ಕಷ್ಟ, ಬೇಗ ಹೋಗಬೇಕು. ಲಿಟಲ್ ಇಂಡಿಯಾದ ಬೀದಿಗಳಲ್ಲಿ ಬಾಳೆಎಲೆ ಊಟ ಸಿಕ್ಕೇ ಸಿಗುತ್ತದೆ, ಆದರೆ ಮಾಟುಂಗಾದಲ್ಲಿ ಸಿಗುವುದನ್ನೇ ಉಣ್ಣಲು ಅಷ್ಟು ದೂರ ಹೋಗಬೇಕಾಗಿಲ್ಲವೆಂದು ನನಗನಿಸುತ್ತದೆ. ಅದಕ್ಕಿಂತ ತೆಂಗಿನತುರಿ, ಕಂದುಸಕ್ಕರೆಯೊಡನೆ ಕೊಡುವ ಪುಟು ಮಾಯಮ್ ಎಂಬ ಒತ್ತುಶ್ಯಾವಿಗೆ, ಕೆಂಡದ ಮೇಲೆ ಸಣ್ಣ ಬಾಣಲೆಗಳಲ್ಲಿ ಸುಡುವ ಅಪೊಮ್, ತೆಂಗಿನ ಹಾಲು ಮತ್ತು ತಾಳೆಬೆಲ್ಲದ ಚೆಂಡೋಲ್, ಜಾಯಿಕಾಯಿಯ ಹಣ್ಣಿನ ಪಾನಕಗಳನ್ನು ಹುಡುಕಿಕೊಂಡು ಹೋಗಬೇಕು. ಈ ಸಾಲನ್ನು ಎಲ್ಲರೂ ಒಟ್ಟಿಗೆ ತಿನ್ನಬಹುದಾದ್ದರಿಂದ ದಿನಕ್ಕೊಮ್ಮೆಯಾದರೂ ಬಳಗ ಪೂರ್ತಿ ಇದಕ್ಕೆ ಸೇರಬೇಕು. ಅಪೊಮ್‌ನ ಹಿಟ್ಟಿಗೆ ಮೊಟ್ಟೆ ಸೇರಿದೆಯೇ ಎಂದು ಮಾತ್ರ ಕೇಳಿಕೊಳ್ಳಬೇಕು.

ಭಿಶಿ ಮತ್ತು ಲೆಕ್ಕ

ಹಣಕ್ಕೆ ಮುಂಬಯಿಯವರಿಗೆ ಗೊತ್ತಿರುವ ಭಿಶಿಯೇ, ಅಂದರೆ ತಿಂಗಳ ಚೀಟಿಯ ಪದ್ಧತಿಯೇ, ಸರಿಯಾದ ದಾರಿ. ಹೊರಡುವ ಆರೇಳು ತಿಂಗಳ ಮುಂಚಿನಿಂದ ಪ್ರತಿ ತಿಂಗಳು ಎಲ್ಲರೂ ಸಮನಾದ ಮೊತ್ತ ಹಾಕುತ್ತ ಬಂದರೆ ಟಿಕೆಟು, ಹೋಟೆಲುಗಳ ಹೊರೆ ಯಾರಿಗೂ ಒಮ್ಮೆಲೇ ಬೀಳುವುದಿಲ್ಲ. ಟೂರ್ ಕಂಪನಿಯ ಪ್ಯಾಕೇಜ್ ಕೊಂಡರೆ ಅವರು ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ವಸೂಲಿ ಮಾಡುತ್ತಾರೆ. ಅದನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದಾದ್ದರಿಂದ ಪಾವತಿ ಯಾರ ಪ್ಯಾನ್ ಹೆಸರಿನಲ್ಲಿದೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಪೆನಾಂಗ್‌ನಲ್ಲಿ ಊಟಕ್ಕೆಂದೇ ಒಂದು ಸಾಮೂಹಿಕ ಪರ್ಸು ಇರಲಿ. ಎಲ್ಲರೂ ಮಲೇಷ್ಯಾದ ನಾಣ್ಯವಾದ ರಿಂಗಿಟ್‌ನಲ್ಲಿ ತಲಾ 100ರಂತೆ ಹಾಕಿ, ಮುಗಿದಾಗ ಮತ್ತೆ ಹಾಕಬೇಕು. ಗಾಡಿಗಳಲ್ಲಿ ಒಂದು ತಟ್ಟೆಗೆ ಸಾಮಾನ್ಯವಾಗಿ 6ರಿಂದ 12 ರಿಂಗಿಟ್ ಆಗುತ್ತದೆ, ನಗದು ಕೊಡುವುದೇ ಅನುಕೂಲ. 1, 5, 10ರ ನೋಟುಗಳು ಕೈಯಲ್ಲಿರಬೇಕು. ದೊಡ್ಡ ಏಡಿ, ಸಿಗಡಿಗಳನ್ನು ತೂಕದ ಮೇಲೆ ಮಾರುವ ಕಡೆ ಹೇಳುವ ಮೊದಲೇ ಒಟ್ಟು ಬೆಲೆ ಕೇಳಬೇಕು. ಇವುಗಳನ್ನೂ, ತೆರಿಗೆಯಿಂದಾಗಿ ಅಲ್ಲಿ ದುಬಾರಿಯಾಗಿರುವ ಮದ್ಯವನ್ನೂ ಸಾಮೂಹಿಕ ಪರ್ಸಿನಿಂದ ಕೊಳ್ಳಬಾರದು, ಕುಡಿಯದವರ, ಮೀನು ಮುಟ್ಟದವರ ಹಣ ಅದರಲ್ಲಿದೆ.

ಪರ್ಸು ಹಿಡಿಯುವವರು, ಪದಾರ್ಥಗಳ ವಿಚಾರ ಕೇಳುವವರು, ವೇಳಾಪಟ್ಟಿಯವರು ಬೇರೆಬೇರೆಯಾಗಿದ್ದರೆ ಒಬ್ಬರ ಮೇಲೇ ಭಾರ ಬೀಳುವುದಿಲ್ಲ. ಜೀರ್ಣದ ಮಾತ್ರೆ, ಓಆರ್‌ಎಸ್ ಪೊಟ್ಟಣ, ಅಲರ್ಜಿಯ ಔಷಧಿಗಳನ್ನು ವೈದ್ಯರ ಚೀಟಿಯೊಂದಿಗೆ ಒಯ್ಯಬೇಕು. ಶೇಂಗಾ ಅಥವಾ ಚಿಪ್ಪುಮೀನು ಆಗದವರಿದ್ದರೆ ಅದು ಆರೂ ಜನರಿಗೆ ತಿಳಿದಿರಬೇಕು.

ಮರಳುವಾಗ ಡೂರಿಯನ್ ಹಣ್ಣನ್ನು ವಿಮಾನಕ್ಕೆ ತರುವಂತಿಲ್ಲ, ಹೆಚ್ಚಿನ ಹೋಟೆಲುಗಳ ಕೋಣೆಗೂ ಒಯ್ಯುವಂತಿಲ್ಲ. ತೋಟದಲ್ಲೇ ತಿಂದು ಮುಗಿಸಬೇಕು. ಹೆಸರುಬೇಳೆಯ ಹೂರಣ ತುಂಬಿದ ತಾವ್ ಸಾರ್ ಪ್ಯಾ ಬಿಸ್ಕತ್ತನ್ನು ಮನೆಗೆ ತರಬಹುದು, ಆದರೆ ಸಾಂಪ್ರದಾಯಿಕವಾಗಿ ಅದರ ಹಿಟ್ಟಿಗೆ ಹಂದಿಯ ಕೊಬ್ಬು ಸೇರುವುದರಿಂದ ಸಸ್ಯಾಹಾರಿ ಎಂದು ಡಬ್ಬಿಯ ಮೇಲೆ ಬರೆದಿರುವುದನ್ನೇ ನೋಡಿ ಕೊಳ್ಳಬೇಕು. ವೈಟ್ ಕಾಫಿಯ ಪೊಟ್ಟಣ, ಜಾಯಿಕಾಯಿಯ ಮುಲಾಮುಗಳು ಹಗುರ. ಪಾನಕದ ಬಾಟಲಿಗಳು ಚೆಕ್-ಇನ್ ಚೀಲಕ್ಕೆ ಹೋಗಬೇಕು. ಪರ್ಸಿನಲ್ಲಿ ಉಳಿದದ್ದನ್ನು ಹಂಚಿ ಲೆಕ್ಕ ಮುಗಿಸುವುದು ಪೆನಾಂಗ್ ವಿಮಾನ ನಿಲ್ದಾಣದಲ್ಲೇ ಆಗಬೇಕು; ಮುಂಬಯಿಯಲ್ಲಿ ಇಳಿದ ಕೂಡಲೇ ಒಬ್ಬರು ಸೆಂಟ್ರಲ್ ಲೈನಿಗೆ, ಒಬ್ಬರು ವೆಸ್ಟರ್ನ್‌ಗೆ, ಒಬ್ಬರು ಹಾರ್ಬರ್‌ಗೆ ಎಂದು ಚದುರಿದ ಮೇಲೆ ಆ ಲೆಕ್ಕಕ್ಕೆ ಎಲ್ಲರನ್ನೂ ಮತ್ತೆ ಒಂದೆಡೆ ಕೂರಿಸುವುದು ಸುಲಭವಲ್ಲ.